ನಂಬರಿಲ್ಲದ ಫೋನು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಾವಿಬ್ಬರೂ ಇಲ್ಲಿ ಕ್ಷೇಮ ಎಂದು ಬರೆಯಲು ಹೊರಟೆ, ಪೆನ್ನು ಮುಂದೆ ಹೋಗಲಿಲ್ಲ. ಆ ಸಾಲನ್ನು ನೀನೇ ಅಮ್ಮನಿಗೆ ನಿನ್ನ ಬಾಯಿಂದ ಹೇಳಿಬಿಡು. ಉಳಿದದ್ದನ್ನು ಅವಳಿಗೆ ಓದಿ ಹೇಳಬೇಡ.

ನಿನ್ನ ಸಿಟ್ಟು ಬಂದು ತಲುಪಿದೆ. ದೇಶ ದಾಟಿದ ಮೇಲೆ ಅಕ್ಕನ ಫೋನು ಎತ್ತುವುದಕ್ಕೂ ಇವಳಿಗೆ ಪುರುಸೊತ್ತಿಲ್ಲವಾ ಎಂದು ಹೇಳಿ ಕಳಿಸಿದ್ದೀಯಲ್ಲ, ಚುಚ್ಚಿತು. ದೇಶ ಬಿಟ್ಟು ಓಡಿಬಂದ ನಮ್ಮಂಥವರನ್ನು ಇಟ್ಟಿರುವ ಈ ಕಟ್ಟಡದ ಲಾಂಡ್ರಿಯಲ್ಲಿ ನನಗೆ ಹೊದಿಕೆ ಮಡಿಸುವ ಕೆಲಸ. ಯಂತ್ರಗಳ ಗಲಾಟೆಯಲ್ಲಿ ಫೋನು ಕೇಳಿಸುವುದಿಲ್ಲ, ಚಾರ್ಜೂ ನಿಲ್ಲುವುದಿಲ್ಲ. ಅಷ್ಟೇ ಅಂದುಕೋ.

ತಮ್ಮನ ಬಗ್ಗೆ ಕೇಳಿದ್ದೀಯ. ನಮ್ಮ ರೇಡಿಯೋ ಬಂದ್ ಆಗಿದೆ ಅಕ್ಕ. ಕ್ಷೌರದ ಅಂಗಡಿಯಲ್ಲಿ ಗಿರಾಕಿಯ ಕೂದಲಿಗಿಂತ ಹೆಚ್ಚು ಮಾತು ಉದುರಿಸುತ್ತಿದ್ದವನು, ಈಗ ಮಂಚಕ್ಕೂ ಬೀರುವಿಗೂ ನಡುವಿನ ಸಂದಿನಲ್ಲಿ ಕೂತಿರುತ್ತಾನೆ. ಮಲಗುವಾಗಲೂ ಬೂಟು ಬಿಚ್ಚುವುದಿಲ್ಲ. ಬಾಚಣಿಗೆ ಈಗಲೂ ಜೇಬಿನಲ್ಲಿದೆ, ಅವನ ತಲೆ ಮಾತ್ರ ಹಕ್ಕಿಗೂಡಾಗಿದೆ. ಮೊನ್ನೆ ಊಟದ ತಟ್ಟೆ ಮುಂದಿಟ್ಟರೆ, ನನ್ನ ಪಾಲಿನದು ನೀನೇ ತಿನ್ನು, ನಾನು ಇದ್ದು ಯಾರಿಗೆ ಏನಾಗಬೇಕು ಅಂದ. ಅವನ ಕತ್ತರಿ, ಕತ್ತಿಗಳ ಚೀಲವನ್ನು ಲಾಂಡ್ರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಯಾಕೆ ಎಂದು ನಿನಗೆ ಬಿಡಿಸಿ ಹೇಳಬೇಕಿಲ್ಲ.

ನಾವು ಬಂದ ದಿನ ಇವರು ಮೈಯೆಲ್ಲ ತಪಾಸಣೆ ಮಾಡಿದರು. ಎದೆಯ ಫೋಟೊ ತೆಗೆದರು, ರಕ್ತ ತೆಗೆದರು, ಹಲ್ಲು ಎಣಿಸಿದರು, ಕೈಗವಸು ಹಾಕಿಕೊಂಡು ತಲೆಯಲ್ಲಿ ಹೇನು ಹುಡುಕಿದರು. ತಲೆಯೊಳಗೆ ಏನಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಮ್ಮಿಂದ ಇವರಿಗೆ ಅಂಟುವಂಥದ್ದನ್ನೆಲ್ಲ ನೋಡಿದರು ನೋಡು, ನಮ್ಮನ್ನು ತಿನ್ನುತ್ತಿರುವುದು ಇವರಿಗೆ ಅಂಟುವುದಿಲ್ಲವಲ್ಲ! ಆಮೇಲೆ ನಾನೇ ಕಟ್ಟಡದ ನರ್ಸಿಗೆ ಗಂಟುಬಿದ್ದೆ. ಆಕೆ ಒಳ್ಳೆಯವಳೇ. ಮನಸ್ಸಿನ ಡಾಕ್ಟರಿಗೆ ಇವನ ಹೆಸರು ಕೊಟ್ಟು, ಆಸ್ಪತ್ರೆಯವರು ಫೋನ್ ಮಾಡುತ್ತಾರೆ, ಕಾಯಿರಿ ಅಂದಳು. ಕಾದೆವು. ಬಂದಾಗ ಇದ್ದ ಚಳಿ ಹೋಗಿ ಸೆಕೆ ಶುರುವಾಯಿತು, ಕಾಯುತ್ತಲೇ ಇದ್ದೆವು.

ಹೋದ ವಾರ ಆಸ್ಪತ್ರೆಯಿಂದ ಕಾಗದ ಬಂತು. ನನಗೆ ಇಲ್ಲಿಯ ಅಕ್ಷರ ಓದಲು ಬರುವುದಿಲ್ಲವಲ್ಲ, ಪಕ್ಕದ ಕೋಣೆಯ ಟೀಚರಮ್ಮನ ಹತ್ತಿರ ಒಯ್ದೆ. ಟೀಚರಮ್ಮ ನಮ್ಮ ದೇಶದವರೇ, ನಮಗಿಂತ ಮೊದಲು ಬಂದು ಇಲ್ಲಿಯ ಭಾಷೆ ಕಲಿತವರು. ಮೂರು ಸಲ ಫೋನ್ ಮಾಡಿದೆವು, ನೀವು ಎತ್ತಲಿಲ್ಲ, ನಿಮಗೆ ಚಿಕಿತ್ಸೆಯಲ್ಲಿ ಆಸಕ್ತಿ ಇಲ್ಲವೆಂದು ತಿಳಿದು ಹೆಸರು ತೆಗೆದಿದ್ದೇವೆ ಎಂದಿತ್ತು.

ಆಸಕ್ತಿ ಇಲ್ಲವಂತೆ! ಸಿನಿಮಾಕ್ಕೆ ಕರೆದಿದ್ದರೇನೋ ಎಂಬಂತೆ ಬರೆದಿದ್ದರು. ಮೈಯೆಲ್ಲ ಉರಿದುಹೋಯಿತು. ಕೋಣೆಗೆ ಹೋಗಿ ಅವನ ಫೋನು ಹುಡುಕಿದೆ. ಆಫ್ ಮಾಡಿ ಹಾಸಿಗೆಯ ಕೆಳಗೆ ಸೇರಿಸಿಟ್ಟಿದ್ದ. ಫೋನ್ ಬಂದಿತ್ತಾ ಎಂದೆ. ಬಂದಿತ್ತು ಎಂದು ತಲೆ ಆಡಿಸಿದ. ಎತ್ತಲು ಏನು ಧಾಡಿ ಎಂದು ಗದರುವಷ್ಟರಲ್ಲಿ ಅವನೇ ಹೇಳಿದ: "ನಂಬರ್ ಇರ್ಲಿಲ್ಲ ಕಣಕ್ಕ."

ಫೋನನ್ನು ಇದ್ದ ಜಾಗಕ್ಕೇ ಸೇರಿಸಿಟ್ಟೆ.

ಮರುದಿನ ಟೀಚರಮ್ಮನನ್ನು ಎಬ್ಬಿಸಿಕೊಂಡು ಆಸ್ಪತ್ರೆಗೆ ಹೋದೆ. ನನಗೆ ಬರುವ ಇಲ್ಲಿಯ ಭಾಷೆ ಮಾರುಕಟ್ಟೆಗೆ ಸಾಕು, ಜಗಳಕ್ಕೆ ಸಾಲದು. ಗಾಜಿನ ಹಿಂದೆ ಕೌಂಟರಿನ ಹೆಂಗಸು ಕೂತಿದ್ದಳು. ಹೆಸರು ಒತ್ತಿ ನೋಡಿ, ಹೊಸದಾಗಿ ಅರ್ಜಿ ಹಾಕಿ ಅಂದಳು. ಎಷ್ಟು ದಿನ ಹಿಡಿಯುತ್ತದೆ ಎಂದೆ. ಮೊದಲಿನಷ್ಟೇ. ಆಮೇಲೆ? ನಾವು ಫೋನ್ ಮಾಡುತ್ತೇವೆ. ಯಾವ ನಂಬರಿಂದ? ರೋಗಿಯ ಗುಟ್ಟು ಕಾಯಬೇಕಲ್ಲ, ನಮ್ಮ ನಂಬರ್ ಯಾರಿಗೂ ಕಾಣುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿದಳು. "ನಿಮ್ಮ ಕಡೆಯವರು ಯಾರೂ ಫೋನೇ ಎತ್ತಲ್ಲ. ಬೇಕಿಲ್ಲ ಅಂದ್ರೆ ಯಾಕೆ ಹೆಸರು ಕೊಡ್ತೀರಿ?" ಎಂದೂ ಸೇರಿಸಿದಳು. ಟೀಚರಮ್ಮ ಅದನ್ನು ನನಗೆ ಹೇಳುವಾಗ ಅವರ ಮುಖವೇ ಸಣ್ಣಗಾಯಿತು. ಅವರ ಹೆಸರನ್ನೂ ಹೀಗೆಯೇ ತೆಗೆದಿದ್ದರೆಂದು ನನಗೆ ಗೊತ್ತಾದದ್ದು ಆಗ.

ಆಮೇಲೆ ನಾನು ಟೀಚರಮ್ಮನ ಮೂಲಕ ಕೌಂಟರಿನವಳಿಗೆ ನಮ್ಮ ಬೀದಿಯ ಕಥೆ ಹೇಳಿದೆ. ನಮ್ಮಲ್ಲಿ ನಂಬರಿಲ್ಲದ ಫೋನು ಯಾರಿಂದ ಬರುತ್ತಿತ್ತು, ಮನೆಯಲ್ಲಿ ಯಾರಿದ್ದೀರಿ ಎಂದು ಮರ್ಯಾದೆಯಿಂದ ಕೇಳಿ ಹೇಗೆ ಇಟ್ಟುಬಿಡುತ್ತಿದ್ದರು, ಆಮೇಲೆ ಬಾಗಿಲಿಗೆ ಯಾವ ಬಣ್ಣದ ವ್ಯಾನು ಬರುತ್ತಿತ್ತು, ಎಲ್ಲ ಹೇಳಿದೆ. ಅವತ್ತು ನಮ್ಮ ಮನೆಯಲ್ಲಿ ಫೋನು ಎತ್ತಿದವನು ನನ್ನ ತಮ್ಮ ಎಂದೆ. ಯಾವಾಗಲೂ ವಟಗುಟ್ಟುವವನು, ಗಿರಾಕಿ ಇರಬೇಕೆಂದುಕೊಂಡು, ಅಪ್ಪ ಇಲ್ಲೇ ಇದ್ದಾರೆ, ಊಟಕ್ಕೆ ಕೂತಿದ್ದಾರೆ ಎಂದು ಖುಷಿಯಿಂದ ಹೇಳಿದ ಎಂದೆ. ಅಪ್ಪನಿಗೆ ಕೈ ತೊಳೆಯುವುದಕ್ಕೂ ಬಿಡದೆ ವ್ಯಾನಿಗೆ ಹತ್ತಿಸಿದರು ಎಂದೆ. ಅಂಥವನಿಗೆ ನೀವು ನಂಬರಿಲ್ಲದ ಫೋನು ಮಾಡಿ, ಎತ್ತಿದರೆ ಔಷಧಿ, ಎತ್ತದಿದ್ದರೆ ಇಲ್ಲ ಅನ್ನುತ್ತೀರಲ್ಲ, ಫೋನು ಎತ್ತುವಷ್ಟು ಅವನು ಗಟ್ಟಿಯಿದ್ದರೆ ನಿಮ್ಮ ಹತ್ತಿರ ಯಾಕೆ ಬರುತ್ತಿದ್ದ? ಕಾಲು ಮುರಿದವನಿಗೆ ಓಡಿ ಬಾ, ಬ್ಯಾಂಡೇಜು ಕಟ್ಟುತ್ತೇನೆ ಅಂದ ಹಾಗಾಯಿತು!

ನನ್ನ ದನಿ ಏರಿತ್ತು. ಹಿಂದೆ ಸಾಲಿನಲ್ಲಿದ್ದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ಕೌಂಟರಿನವಳು ತಗ್ಗಿದ ದನಿಯಲ್ಲಿ, ಪಾಪ, ಆದರೆ ಅದು ಬರೀ ಫೋನು ತಾನೇ, ನಾವು ಎಂದು ತಿಳಿದ ಮೇಲಾದರೂ ಎತ್ತಬಹುದಲ್ಲ ಅಂದಳು. ನನಗೆ ರೇಗಿಹೋಯಿತು. ನನ್ನ ಫೋನು ಗಾಜಿನ ಮುಂದೆ ಇಟ್ಟೆ. ಹಾಗಾದರೆ ಈಗಲೇ ನಿಮ್ಮ ಮೇಜಿನಿಂದ ಮಾಡಿ, ಏನು ಕಾಣುತ್ತದೆ ನೀವೇ ನೋಡಿ ಎಂದೆ. ಪರದೆ ತೋರಿಸಿ ಅವಳ ಬಾಯಿ ಮುಚ್ಚಿಸುವುದಷ್ಟೇ ನನ್ನ ಲೆಕ್ಕ.

ಅವಳು ಒತ್ತಿದಳು. ನನ್ನ ಫೋನು ನಡುಗುತ್ತ ಬಡಿದುಕೊಂಡಿತು. ನಂಬರಿಲ್ಲ.

ಅಕ್ಕ, ಅವಳು ನನ್ನ ಕಣ್ಣೆದುರಿಗೇ ಇದ್ದಳು. ಅವಳ ಕಿವಿಯಲ್ಲಿದ್ದ ಫೋನು ಕಾಣುತ್ತಿತ್ತು. ಎತ್ತಿ, ಎತ್ತಿ ಎಂದು ಕೈಸನ್ನೆ ಮಾಡುತ್ತಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ನನ್ನ ಬೆರಳು ಮುಂದೆ ಹೋಗಲಿಲ್ಲ. ಬಾಗಿಲು ಎಲ್ಲಿದೆ ಎಂದು ಕಣ್ಣು ತಾನಾಗಿಯೇ ಹುಡುಕಿತು. ತಿರುಗಿ ನೋಡಿದರೆ ಟೀಚರಮ್ಮ ಗೋಡೆಗೆ ಅಂಟಿಕೊಂಡು ಎರಡೂ ಕಿವಿ ಮುಚ್ಚಿಕೊಂಡಿದ್ದರು. ಫೋನು ಬಡಿದುಕೊಂಡು ಬಡಿದುಕೊಂಡು ತಾನೇ ಸುಮ್ಮನಾಯಿತು.

ಕೌಂಟರಿನವಳು ಫೋನಿಟ್ಟಳು. ಎದ್ದು ಒಳಗೆ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದಳು. ಡಾಕ್ಟರಮ್ಮ ನನ್ನನ್ನು ಕೂರಿಸಿ ನೀರು ಕೊಟ್ಟರು. ಗುರುವಾರ ಬೆಳಿಗ್ಗೆ ತಮ್ಮನನ್ನು ಕರೆತನ್ನಿ, ಫೋನಿನ ಗೊಡವೆ ಬೇಡ, ನಿಮ್ಮ ಭಾಷೆಯವರು ಒಬ್ಬರು ಎದುರಿಗೇ ಕೂತಿರುತ್ತಾರೆ ಎಂದು ಚೀಟಿ ಬರೆದುಕೊಟ್ಟರು. ಟೀಚರಮ್ಮನಿಗೂ ಒಂದು ಚೀಟಿ ಸಿಕ್ಕಿತು. ಕಟ್ಟಡದಲ್ಲಿ ಉಳಿದವರ ಗತಿಯೇನು ಎಂದು ಕೇಳಿದೆ. ನಿಯಮ ಮೇಲಿನವರದು, ಹೇಳಿ ನೋಡುತ್ತೇನೆ ಅಂದರು. ಹೇಳಿ ನೋಡುತ್ತಾರಂತೆ! ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವಾಗ ವಿಚಾರಿಸಿದೆ. ಮಗುವನ್ನು ಎತ್ತಿಕೊಂಡೇ ಇರುವ ಕೊನೆಯ ಕೋಣೆಯವಳು, ಕೆಳಮಹಡಿಯ ಅಜ್ಜ, ಇವರ ಹೆಸರೂ ಹೋಗಿದೆ. ಯಾರಿಗೂ ಯಾಕೆಂದು ಗೊತ್ತಿರಲಿಲ್ಲ. ನಾವು ಅಲ್ಲಿ ಬದುಕಿ ಉಳಿದದ್ದು ಫೋನು ಎತ್ತದೆ, ಇಲ್ಲಿ ಅದನ್ನೇ ನಮ್ಮ ತಪ್ಪು ಮಾಡಿದ್ದಾರೆ. ಗುರುವಾರ ಅವರನ್ನೂ ಕರೆದುಕೊಂಡೇ ಹೋಗುತ್ತೇನೆ. ಕೌಂಟರಿನವಳು ಎಷ್ಟು ಸಲ ಏಳುತ್ತಾಳೋ ಏಳಲಿ.

ಗುರುವಾರದ ವಿಷಯ ತಮ್ಮನಿಗೆ ಹೇಳಿದೆ. ಅವನು ಜೇಬಿನಿಂದ ಬಾಚಣಿಗೆ ತೆಗೆದು ಸ್ವಲ್ಪ ಹೊತ್ತು ನೋಡಿ, ಮತ್ತೆ ಒಳಗಿಟ್ಟ. ಹೊತ್ತುಕೊಂಡಾದರೂ ಹೋಗುತ್ತೇನೆ, ಯೋಚನೆ ಮಾಡಬೇಡ.

ಅಮ್ಮನ ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ.

ನಿನ್ನ ತಂಗಿ,
ಅಪ್ಪನ ಜಗಳಗಂಟಿ

ತಾ.ಕ.: ಡಾಕ್ಟರಮ್ಮ ತಮ್ಮನ ಚೀಟಿಯಲ್ಲಿ ಎರಡು ಹೆಸರು ಬರೆದಿದ್ದಾರೆ. ಎರಡನೆಯದು ನನ್ನದು. ಲಾಂಡ್ರಿಯ ಗಲಾಟೆ, ಚಾರ್ಜು ಎಂದೆಲ್ಲ ಮೇಲೆ ಬರೆದದ್ದು ಸುಳ್ಳು ಅಕ್ಕ. ನೀನು ಊರಿನ ಫೋನಂಗಡಿಯಿಂದ ಮಾಡುವ ಫೋನೂ ಇಲ್ಲಿ ನಂಬರಿಲ್ಲದೆ ಬರುತ್ತದೆ. ಆ ಹೊತ್ತಿಗೆ ಮಾಡುವವಳು ನೀನೇ ಎಂದು ಗೊತ್ತಿದ್ದೂ, ಅದು ಸುಮ್ಮನಾಗುವವರೆಗೆ ಹೊದಿಕೆಗಳ ರಾಶಿಯ ಹಿಂದೆ ನಿಂತಿರುತ್ತೇನೆ. ಈ ಕಾಗದ ಸಿಕ್ಕಿದ ಮೇಲಿನ ಗುರುವಾರ ಸಂಜೆ ಫೋನ್ ಮಾಡು. ಎತ್ತುತ್ತೇನೆ ಎಂದು ಮಾತು ಕೊಡಲಾರೆ. ಎತ್ತದಿದ್ದರೆ ಮತ್ತೆ ಮಾಡು. ಮೂರು ಸಲಕ್ಕೇ ನನ್ನ ಹೆಸರು ತೆಗೆದುಬಿಡಬೇಡ.