ಚಂದ್ರಕ್ಕನ ಹಳೆಯ ಪ್ರತಿ

ಹೊಳಲ್ಕೆರೆ, 14 ಸೆಪ್ಟೆಂಬರ್ 2009, ಸೋಮವಾರ

ಜನಪದ ಹಾಡುಗಳ ನನ್ನ ಬ್ಲಾಗ್ ಬೇಗ ತೆರೆಯಲೆಂದು ನಿನ್ನೆ ಕ್ಯಾಶಿಂಗ್ ಹಾಕಿದ್ದೆ. ಒಮ್ಮೆ ಸಿದ್ಧವಾದ ಪುಟದ ಪ್ರತಿಯನ್ನೇ ಅದು ಎಲ್ಲರಿಗೂ ತೋರಿಸುತ್ತದೆ. ಆ ವೇಗ ಕಂಡು ಬೀಗಿದ್ದೂ ನಿಜ.

ಅದರಲ್ಲಿ, ಸೋಬಾನೆ ಹಾಡಿಕೊಟ್ಟ ಮದಕರಿಪುರದ ಚಂದ್ರಕ್ಕನ ಹೆಸರಿಗೆ ‘ದಿವಂಗತ’ ಎಂದು ಸೇರಿಸಿಬಿಟ್ಟಿದ್ದೆ. ತೀರಿಕೊಂಡದ್ದು ಅದೇ ಊರಿನ, ಅದೇ ಹೆಸರಿನ ಇನ್ನೊಬ್ಬ ಹಾಡುಗಾರ್ತಿ. ಇವತ್ತು ಬೆಳಿಗ್ಗೆ ತಿದ್ದಿದೆ. ಮಧ್ಯಾಹ್ನ ಚಂದ್ರಕ್ಕನದೇ ಫೋನ್.

“ನಾನು ಸತ್ತೆ ಅಂತ ನಿನ್ ಬ್ಲಾಗ್‌ನಾಗೆ ಐತಂತೆ. ಐಮಂಗಲದಿಂದ ನನ್ ತಂಗಿ ಅತ್ಕಂಡು ಬಂದವಳೆ ಕಣಪ್ಪ.”

“ತಿದ್ದಿದೀನಿ ಅಕ್ಕ. ಬೇಗ ಕಾಣ್ಲಿ ಅಂತ ಇಟ್ಟಿದ್ದ ಹಳೇ ಪ್ರತೀನೇ ಇನ್ನೂ ಕಾಣ್ತೈತೆ.”

“ತಡ ಆದ್ರೆ ಆಗ್ಲಿ ಬಿಡು. ಬದುಕಿರಾದ್ನ ತೋರ್ಸು.”

ಹಳೆಯ ಪ್ರತಿಯನ್ನಷ್ಟೇ ಅಳಿಸಿದ್ದರೆ ಸಾಕಿತ್ತು. ಸಿಟ್ಟಿಗೆ ಕ್ಯಾಶಿಂಗನ್ನೇ ತೆಗೆದುಹಾಕಿದೆ. ಪುಟ ತೆರೆಯಲು ಮತ್ತೆ ಅರ್ಧ ನಿಮಿಷ. ಅಷ್ಟು ಹೊತ್ತೂ ಪರದೆಯನ್ನೇ ನೋಡುತ್ತಾ ಕೂತಿದ್ದೆ. ಚಂದ್ರಕ್ಕ, ಮದಕರಿಪುರ. ಅಷ್ಟೇ ಇತ್ತು.