ಅಮೃತಶಿಲೆಯ ಮುತ್ತೈದೆ

ಶ್ರೀ ಗುರುರಾಜರ ಚರಣಗಳನ್ನು ನೆನೆದು, ಸಾಧಾರಣ ಸಂವತ್ಸರದ ರಥಸಪ್ತಮಿಯ ಸಂಜೆ ಹೈದರಾಬಾದಿನಿಂದ ಬರೆದುದು.

ತಮ್ಮನಾದ ಚಿ. ಪ್ರಹ್ಲಾದನಿಗೆ ಆಶೀರ್ವಾದಗಳು.

ಇಂದು ಇಲ್ಲಿಯ ವಸ್ತುಸಂಗ್ರಹಾಲಯದಲ್ಲಿ, ಮುಸುಕು ಹೊದ್ದ ಸ್ತ್ರೀಯೊಬ್ಬಳ ಅಮೃತಶಿಲೆಯ ಪ್ರತಿಮೆಯನ್ನು ಕಂಡೆವು. ಕಲ್ಲಿನ ಮುಸುಕಿನೊಳಗಿಂದ ಕಲ್ಲಿನ ಮುಖವು ಕಾಣುತ್ತದೆ! ನಿನ್ನ ಅತ್ತಿಗೆ ಅದರ ಮುಂದೆ ಸ್ತಬ್ಧಳಾಗಿ ನಿಂತು, ಮೈ ನಡುಗಿ, ಕಣ್ಣೀರು ಸುರಿಸುತ್ತ, ಚೀಲದಲ್ಲಿದ್ದ ಕುಂಕುಮದ ಭರಣಿಯನ್ನು ತೆರೆದು ಪ್ರತಿಮೆಯ ಹಣೆಗೆ ಕೈ ನೀಡಿದಳು. ಕಾವಲುಗಾರನು ಓಡಿಬಂದು ತಡೆದನು.

"ಉಸರಾಡಸ್ಲಿಕತ್ತಾಳ್ರಿ! ಇವತ್ತ ಸಂಕ್ರಾಂತಿ ಕುಂಕುಮಾ ಹಚ್ಚೂ ಕಡೀ ದಿನ, ಬರೇ ಹಣಿಲೆ ಹ್ಯಾಂಗ ಬಿಡ್ಲಿ?" ಎನ್ನುತ್ತಲೇ ಕುಸಿದಳು. ಆ ಕಾವಲುಗಾರನೇ ನೀರು ಕುಡಿಸಿದನು.

ನಮ್ಮ ಹನುಮಂತನೋ, ಹೆತ್ತ ತಾಯಿಯ ಸಲುವಾಗಿ ನಾಲ್ವರ ಮುಂದೆ ನಾಚಿ, "ಅವ್ವಗ ಪಿತ್ತ ಏರ್ಯದ. ಇನ್ನ ಆಕಿನ್ನ ಎಲ್ಲೂ ಕರಕೊಂಡು ಹೋಗೂದಿಲ್ಲ" ಎಂದನು. ಸ್ತಂಭ, ಕಂಪ, ಅಶ್ರುಗಳನ್ನು ಪೂರ್ವಿಕರು ರಸಾನುಭವದ ಸಾತ್ತ್ವಿಕ ಭಾವಗಳೆಂದು ಕೊಂಡಾಡಿದರು. ನಾನು ಸಾಲ ಮಾಡಿ ಓದಿಸಿದ ಈ ಪದವೀಧರನಿಗೆ ಅವು ಪಿತ್ತವಂತೆ!

ಆಕೆ ಈಗ ಕ್ಷೇಮ, ಗಂಜಿ ಉಂಡಿದ್ದಾಳೆ. ಮತ್ತೊಮ್ಮೆ ನೋಡಬೇಕೆನ್ನುತ್ತಾಳೆ. ಯಾರು ಬೇಡವೆಂದರೂ ನಾಳೆ ನಾನೇ ಕರೆದೊಯ್ಯುವೆನು. ಭರಣಿ ಮಾತ್ರ ಮನೆಯಲ್ಲಿರುವುದು. ಕಾರ್ಡಿನಲ್ಲಿ ಸ್ಥಳ ಮುಗಿಯಿತು.

ಆ ದೂರದೇಶದ ಶಿಲ್ಪಿಗೂ, ನೀರಿತ್ತ ಕಾವಲುಗಾರನಿಗೂ, ರಸವರಿಯದ ನನ್ನ ಮಗನಿಗೂ, ಬರಿಹಣೆಯಲ್ಲಿ ಉಳಿದ ಆ ಶಿಲೆಯ ತಾಯಿಗೂ ಶ್ರೀಹರಿಯು ಮಂಗಳವನ್ನುಂಟುಮಾಡಲಿ.