ಬುಟ್ಟಿ ಮೊದಲು, ಮತ್ತೆ ಜನ

ಪ್ರೀತಿಯ ಪಪ್ಪಾ,

ನಿಮ್ಮ ಮಗಳಿಗೆ ನಾಡಿದ್ದು ಇಗರ್ಜಿಯ ಹಾಲ್‌ನಲ್ಲಿ ಮತ್ತೊಂದು ಶಾಲು ಹೊದೆಸುತ್ತಾರಂತೆ. "ಯುದ್ಧಭೂಮಿಯಿಂದ ಮರಳಿದ ಧೀರೆ" ಎಂದು ಬ್ಯಾನರ್ ಬೇರೆ. ಅದನ್ನು ಕಂಡರೆ ದಾರಿ ಬದಲಿಸುತ್ತೇನೆ. ಮೊದಲ ಶಾಲಿನ ದಿನ ನೀವು ಮುಂದಿನ ಬೆಂಚಿನಲ್ಲಿ ಕೂತು ಕಣ್ಣೊರೆಸಿಕೊಂಡಿರಿ. ಅದನ್ನು ನೋಡಿ ಬಾಯಿ ಮುಚ್ಚಿಕೊಂಡವಳು ನಿಮ್ಮನ್ನು ಮಣ್ಣು ಮಾಡುವವರೆಗೂ ತೆರೆಯಲಿಲ್ಲ.

ನಮ್ಮೂರಿನ ರೈಲು ಹಾಲ್ಟ್ ನೆನಪಾಗುತ್ತದೆ. ನೀವು ಟಿಕೆಟ್ ಕೊಡುತ್ತಿದ್ದ ಕೋಳಿಗೂಡಿನಷ್ಟು ಕೋಣೆ, ನೆಲಕ್ಕೆ ಅಂಟಿಕೊಂಡ ಪ್ಲಾಟ್‌ಫಾರ್ಮ್. ಕಾಸರಗೋಡಿನಿಂದ ಬರುವ ಲೋಕಲ್ ನಿಲ್ಲುವುದು ಒಂದೇ ನಿಮಿಷ. ಒಳಗಿದ್ದವರು ಬಾಗಿಲಿಗೆ ಬಂದು ಮೊದಲು ಮೀನಿನ ಬುಟ್ಟಿ ಎತ್ತಿಕೊಳ್ಳಬೇಕು, ಆಮೇಲೆ ಕೈ ನೀಡಿ ಹೆಂಗಸರನ್ನು ಮೇಲೆಳೆದುಕೊಳ್ಳಬೇಕು. ಬುಟ್ಟಿ ತೆಗೆದುಕೊಂಡವರು ಕೈ ನೀಡದೆ ಇರುವಂತಿಲ್ಲ; ಯಾರೂ ಬರೆಯದ ಕಾಯ್ದೆ ಅದು. ಒಮ್ಮೆ ನಿಮ್ಮೊಟ್ಟಿಗೆ ಮಂಗಳೂರಿಗೆ ಹೊರಟಾಗ, ಮೀನು ಮಾರುವ ಗಿರಿಜಕ್ಕನ ಬುಟ್ಟಿಯ ನೀರು ಫ್ರಾಕಿಗೆ ಬೀಳುತ್ತದೆಂದು ಬಾಗಿಲಿನಿಂದ ಹಿಂದೆ ಸರಿದೆ. "ಎಂತ ಅಸಹ್ಯ ನಿಂಗೆ? ನೀರು ತೊಳೆದ್ರೆ ಹೋಗ್ತದೆ. ಗಿರಿಜಕ್ಕ ಕೆಳಗೆ ಉಳಿದ್ರೆ ಅವಳ ಇಡೀ ದಿನ ಹೋಯ್ತು" ಎಂದು ಗದರಿದಿರಿ.

ಯುದ್ಧ ಶುರುವಾಗಿ ಉಕ್ರೇನಿನಿಂದ ಓಡಿಬರುವಾಗ ಒಂದು ಮಧ್ಯಾಹ್ನ ನಮ್ಮ ರೈಲು ನಿಂತದ್ದೂ ಅಂಥದೇ ಜಾಗದಲ್ಲಿ. ಕಣ್ಣು ಹೋದಷ್ಟೂ ಹಿಮ ಬಿದ್ದ ಬಯಲು. ನಡುವೆ ಒಂದು ನೀರಿನ ಟ್ಯಾಂಕು, ರೈಲ್ವೆಯವರ ಏಳೆಂಟು ಮನೆ, ತಗ್ಗು ಪ್ಲಾಟ್‌ಫಾರ್ಮ್. ಬೋರ್ಡಿನ ಹೆಸರು ಓದಿದ್ದೆ, ಈಗ ನೆನಪಿಲ್ಲ. ಅದೂ ನಾಚಿಕೆಯೇ. ಮೆಡಿಕಲ್ ಓದುವ ನಾವೆಲ್ಲ ಎರಡು ದಿನದಿಂದ ಹಸಿದು ಬೋಗಿಯಲ್ಲಿ ತುಂಬಿಕೊಂಡಿದ್ದೆವು. ಕಿತ್ತಳೆ ಜಾಕೆಟಿನ ಒಬ್ಬ ಅಜ್ಜಿ, ಹಳಿ ನೋಡುವ ಕೆಲಸದವಳಿರಬೇಕು, ಬೇಯಿಸಿದ ಆಲೂಗಡ್ಡೆಯ ಬಕೆಟ್ ಎತ್ತಿ ಕೊಟ್ಟಳು. ಬಾಗಿಲಲ್ಲಿದ್ದ ನಾನು ತೆಗೆದುಕೊಂಡೆ. ಮತ್ತೆ ಅವಳು ತನ್ನ ಬಸುರಿ ಮಗಳ ಕೈ ಹಿಡಿದು ನನ್ನತ್ತ ಚಾಚಿಸಿದಳು. "ಇವಳನ್ನು ಕರೆದುಕೊಂಡು ಹೋಗು" ಎಂದಳು. ಅಷ್ಟು ಭಾಷೆ ನನಗೆ ಬರುತ್ತಿತ್ತು.

ಒಳಗಿನಿಂದ ಯಾರೋ "ಜಾಗ ಇಲ್ಲ" ಎಂದು ಕೂಗಿದರು. ಜಾಗ ಇತ್ತು ಪಪ್ಪಾ. ನನ್ನ ಸೂಟ್‌ಕೇಸ್ ಒಂದನ್ನು ಕೆಳಗೆ ಎಸೆದಿದ್ದರೆ... ನಾನು ಬಾಗಿಲು ಹಾಕಿದೆ. ರೈಲು ಹೊರಟಿತು. ಆಲೂಗಡ್ಡೆ ಇನ್ನೂ ಬಿಸಿಯಿತ್ತು, ತಿಂದೆ. ಒಂದಲ್ಲ, ಮೂರು. ಈ ಕೊಳೆ ಯಾವ ನೀರಿಗೆ ಹೋಗುತ್ತದೆ, ಹೇಳಿ?

ನನ್ನೊಟ್ಟಿಗೇ ಊರಿಗೆ ಬಂದ ಆ ಬಕೆಟನ್ನು ನೀವು ಚಾವಡಿಯಲ್ಲಿ ಇಟ್ಟಿರಿ. "ನೋಡಿ ಮಾರಾಯ್ರೆ, ಗುರ್ತ ಇಲ್ಲದ ಅಜ್ಜಿ ನನ್ನ ಮಗಳಿಗೆ ಪ್ರೀತಿಯಲ್ಲಿ ಕೊಟ್ಟದ್ದು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಿರಿ. ನಾನು ಪಕ್ಕದಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು! ನಿಮಗೊಬ್ಬರಿಗಾದರೂ ಹೇಳಬಾರದಿತ್ತೇ?

ನಾಡಿದ್ದು ಆ ಬಕೆಟ್ ಹಿಡಿದುಕೊಂಡೇ ವೇದಿಕೆ ಹತ್ತುತ್ತೇನೆ, ಶಾಲು ಹೊದೆಸುವ ಮೊದಲೇ ಎಲ್ಲವನ್ನೂ ಹೇಳುತ್ತೇನೆ. ನಿಮ್ಮ ಮರ್ಯಾದೆಯೂ ಹೋಗಬಹುದು, ಕ್ಷಮಿಸಿ. ನೀವು ಕೂತಿದ್ದ ಬೆಂಚಿನಲ್ಲಿ ಗಿರಿಜಕ್ಕ ಕೂರುತ್ತಾಳೆ. ನಾನೇ ಹೋಗಿ ಕರೆದು ಬಂದಿದ್ದೇನೆ.

ಮಮ್ಮಿಗೆ ನಿನ್ನೆಯೇ ಹೇಳಿದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಒಂದೇ ಮಾತು ಕೇಳಿದಳು: "ಆ ಹುಡುಗಿಗೆ ಎಷ್ಟು ತಿಂಗಳಾಗಿತ್ತು?"

ಡಾಕ್ಟರಾಗಲು ಹೋದವಳು ನಾನು. ಅದನ್ನೂ ನೋಡಿರಲಿಲ್ಲ.

ನಿಮ್ಮ ಮಗಳು